ತೋಟ ಕಾಯುವ ನಾಯಿಯ ಹಿಡಿತವನ್ನು ತಿದ್ದುವ ಬಗೆ

2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಗುವ ಒಂದು ಬಾಕ್ಸ್ ಟೊಮೇಟೊ 2,000 ರೂಪಾಯಿ ದಾಟಿದ್ದು ಬೇಸಾಯಗಾರರಿಗೆ ಇನ್ನೂ ನೆನಪಿರುತ್ತದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಗಿಡದಲ್ಲಿದ್ದ ಹಣ್ಣನ್ನೇ ರಾತ್ರಿ ಕಿತ್ತೊಯ್ದ ಸುದ್ದಿ ಬಂದದ್ದೂ ಅದೇ ದಿನಗಳಲ್ಲಿ. ಮುಳಬಾಗಿಲು ತಾಲ್ಲೂಕಿನ ತೋಟಗಳಲ್ಲಿ ಜನ ಗುಡಿಸಲು ಹಾಕಿಕೊಂಡು, ಟಾರ್ಚು ಹಿಡಿದುಕೊಂಡು ಸರದಿಯ ಮೇಲೆ ಕಾವಲು ಕೂತರು. ಬೆಲೆ ಆಮೇಲೆ ಇಳಿಯಿತು. ಕಾವಲಿನ ಚಿಂತೆ ಮಾತ್ರ ಇಳಿಯಲಿಲ್ಲ. ಪಂಪ್‌ಸೆಟ್ಟಿನ ಕೇಬಲ್ಲು, ಹನಿ ನೀರಾವರಿಯ ಪೈಪು, ಕೊಟ್ಟಿಗೆಯ ಸೀಮೆ ಹಸು ಇವೆಲ್ಲ ರಾತ್ರಿ ಬಯಲಿನಲ್ಲೇ ಇರುವಂಥವು. ಆದುದರಿಂದ ರೈತ ಬಾಂಧವರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ನಾಯಿಗೆ ಕಚ್ಚುವುದನ್ನು ಕಲಿಸುವುದು ಹೇಗೆ?”

ಇದಕ್ಕೆ ನಾವು ಮರುಪ್ರಶ್ನೆ ಹಾಕುವುದುಂಟು: ಕಚ್ಚಿದ ನಾಯಿಯ ಬಾಯಿ ಬಿಡಿಸುವುದು ಹೇಗೆಂದು ಯೋಚಿಸಿದ್ದೀರಾ? ಹೆಚ್ಚಿನವರು ಯೋಚಿಸಿರುವುದಿಲ್ಲ. ನಾಯಿಗೆ ಛೂ ಬಿಡುವುದು ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೂ ಗೊತ್ತು. ಛೂ ಬಿಟ್ಟ ನಾಯಿಯನ್ನು ಹಿಂದಕ್ಕೆ ಕರೆಯುವ ಮಾತು ಮಾತ್ರ ನಮ್ಮ ಭಾಷೆಯಲ್ಲಿ ಅಷ್ಟಾಗಿ ಬಳಕೆಯಲ್ಲೇ ಇಲ್ಲ. ಈ ಲೇಖನ ಮುಖ್ಯವಾಗಿ ಆ ಕೊರತೆಯನ್ನು ಕುರಿತದ್ದು.

ಒಂದು ತೋಟದಲ್ಲಿ ನಡೆದದ್ದು

ಮುಳಬಾಗಿಲಿನಿಂದ ನಂಗಲಿಯ ಕಡೆಗೆ ಹೋಗುವಾಗ ಸಿಗುವ ಒಂದು ತೋಟ. ಮಾಲೀಕರ ಹೆಸರು ಇಲ್ಲಿ ಬೇಡ. ಅವರಲ್ಲಿ ಎರಡು ವರ್ಷದ ಗಂಡು ನಾಯಿ, ಆಲ್ಸೇಷಿಯನ್ ಮಿಶ್ರತಳಿ, ರಾಜ ಎಂದು ಹೆಸರು. ಮನೆಯ ಹುಡುಗನೊಬ್ಬ ಮೊಬೈಲಿನಲ್ಲಿ ಪೋಲೀಸ್ ನಾಯಿಗಳ ತರಬೇತಿಯನ್ನು ನೋಡಿ, ತೋಳಿಗೆ ಗೋಣಿ ಸುತ್ತಿಕೊಂಡು, ಹೊಂಗೆಮರಕ್ಕೆ ಕಟ್ಟಿದ್ದ ರಾಜನನ್ನು ಕೋಲಿನಿಂದ ಕೆಣಕಿ ಕಚ್ಚಿಸುತ್ತಿದ್ದ. ಎರಡು ತಿಂಗಳು ಹೀಗೇ ನಡೆಯಿತು. ನೋಡಿದವರೆಲ್ಲ ಭೇಷ್ ಎಂದರು.

ಒಂದು ದಿನ ಬೆಳಗಿನ ಜಾವ ಹಣ್ಣು ಬಿಡಿಸುವ ಹೆಣ್ಣಾಳುಗಳು ಬಂದರು. ಅವರಲ್ಲೊಬ್ಬಾಕೆ ಕ್ರೇಟ್ ಎತ್ತಲು ಬಗ್ಗಿ ಕೈ ಚಾಚಿದಾಗ ರಾಜ ಪಟ್ಟಿಯಿಂದ ಕತ್ತು ನುಸುಳಿಸಿಕೊಂಡು ಬಂದು ಆಕೆಯ ಮುಂಗೈ ಹಿಡಿಯಿತು. ಬಿಟ್ಟು ಮತ್ತೆ ಹಿಡಿಯಿತು. ಮಾಲೀಕರು “ಬಿಡು ಬಿಡು” ಎಂದು ಕೂಗಿದರು, ಅವರ ಮನೆಯಾಕೆ “ವದಿಲೇಯ್” ಎಂದರು, ಹುಡುಗ ಕೋಲಿನಿಂದ ಬಾರಿಸಿದ. ಪೆಟ್ಟು ಬಿದ್ದಷ್ಟೂ ನಾಯಿ ಹಲ್ಲು ಬಿಗಿಯಿತು. ಕೊನೆಗೆ ಯಾರೋ ಒಂದು ಬಿಂದಿಗೆ ನೀರನ್ನು ಮುಖಕ್ಕೆ ಎರಚಿದ ಮೇಲೆ ಬಿಡಿಸಿದರು.

ಗಾಯವನ್ನು ಮರುದಿನ ನಾವೂ ನೋಡಿದೆವು. ಮಣಿಕಟ್ಟಿನ ಸುತ್ತ ಐದಾರು ಕಡೆ ಚರ್ಮ ಹರಿದಿತ್ತು. ಆಳವಾದ ತೂತುಗಳು ಕಡಿಮೆ. ನಾಯಿಯ ಕಡಿತವನ್ನು ಬಲ್ಲವರಿಗೆ ಇಷ್ಟೇ ಸಾಕು. ಇದು ಧೈರ್ಯದ ನಾಯಿ ಹಿಡಿದದ್ದಲ್ಲ, ಹೆದರಿದ ನಾಯಿ ಹರಿದದ್ದು.

ಬಾಯಿಯ ಯಾವ ಭಾಗದಿಂದ ಹಿಡಿಯುತ್ತದೆ?

ಬೆಳೆದ ನಾಯಿಗೆ 42 ಹಲ್ಲುಗಳು. ಮುಂದೆ ಮೇಲೂ ಕೆಳಗೂ ಆರಾರು ಸಣ್ಣ ಬಾಚಿಹಲ್ಲುಗಳು, ಅವುಗಳ ಪಕ್ಕದಲ್ಲಿ ನಾಲ್ಕು ಕೋರೆಗಳು, ಅದರ ಹಿಂದಕ್ಕೆ ದವಡೆಯ ಹಲ್ಲುಗಳ ಸಾಲು. ಬಾಯಿ ಪೂರ್ತಿ ತೆರೆದು, ವಸ್ತು ಕೋರೆಗಳನ್ನು ದಾಟಿ ದವಡೆ ಹಲ್ಲಿನವರೆಗೆ ತಲುಪುವಂತೆ ಕಚ್ಚಿ, ಅಲ್ಲಾಡದೆ ನಿಂತರೆ ಅದನ್ನು ತುಂಬು ಹಿಡಿತ ಎನ್ನಬಹುದು. ಬಾಚಿಹಲ್ಲು ಮತ್ತು ಕೋರೆಯ ತುದಿಯಿಂದ ಮಾತ್ರ ಚಿವುಟಿದಂತೆ ಹಿಡಿದು, ಎಳೆದಾಡಿ, ಬಿಟ್ಟು, ಬೇರೆ ಕಡೆ ಹಿಡಿಯುವುದು ತುದಿ ಹಿಡಿತ.

ತುಂಬು ಹಿಡಿತದಲ್ಲಿ ಬಲ ಹೆಚ್ಚು. ಆದರೆ ಅದು ಒಂದೇ ಕಡೆ ಇರುತ್ತದೆ, ಹರಿಯುವುದು ಕಡಿಮೆ, ಮತ್ತು ಹಾಗೆ ಹಿಡಿದ ನಾಯಿಗೆ ಯಜಮಾನನ ಮಾತು ಕೇಳಿಸುವಷ್ಟು ಸಮಾಧಾನ ಇರುತ್ತದೆ. ತುದಿ ಹಿಡಿತದ ನಾಯಿಯ ಮನಸ್ಸೆಲ್ಲ ಓಡಿಹೋಗುವ ಕಡೆಗೆ ಇರುತ್ತದೆ. ಅದು ಗುರ್‍ರೆನ್ನುತ್ತದೆ, ಕಣ್ಣು ಅತ್ತಿತ್ತ ಹೊರಳಿಸುತ್ತದೆ, ಹಿಂಗಾಲನ್ನು ಹಿಂದಕ್ಕೆ ಊರಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಹೊಡೆದರೆ ಭಯ ಇನ್ನೂ ಹೆಚ್ಚುತ್ತದೆ, ಭಯ ಹೆಚ್ಚಿದರೆ ಕಡಿತವೂ ಹೆಚ್ಚುತ್ತದೆ. ರಾಜನ ವಿಷಯದಲ್ಲಿ ನಡೆದದ್ದು ಇದೇ.

ಹೀಗಾಗಲು ಕಾರಣ ಬಹುಮಟ್ಟಿಗೆ ಕಲಿಸಿದ ರೀತಿ. ಕಟ್ಟಿಹಾಕಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಎದುರಿಗೆ ಬಂದವನು ನೇರ ಮುಖದ ಮೇಲೆ ನುಗ್ಗಿ, ಕೋಲು ಆಡಿಸಿ, ಗೋಣಿಯನ್ನು ಬಾಯಿಗೆ ತುರುಕುತ್ತಾನೆ. ಹಿಡಿದೊಡನೆ ಜೋರಾಗಿ ಕಿತ್ತುಕೊಳ್ಳುತ್ತಾನೆ. ನಾಯಿಗೆ ಆಗ ಎರಡು ಸಂಗತಿ ಮನದಟ್ಟಾಗುತ್ತವೆ. ಕೈ ಚಾಚಿದವನು ವೈರಿ ಎಂಬುದು ಒಂದು. ಹಿಡಿದದ್ದು ನಿಲ್ಲುವುದಿಲ್ಲ, ಬೇಗ ಬೇಗ ಕಚ್ಚಬೇಕು ಎಂಬುದು ಇನ್ನೊಂದು.

ಗೋಣಿ ಸುರುಳಿಯ ಪಾಠ

ಜರ್ಮನಿ, ಬೆಲ್ಜಿಯಂ, ಹಾಲೆಂಡ್ ದೇಶಗಳಲ್ಲಿ ಕಾವಲು ನಾಯಿಗಳ ತರಬೇತಿ ಒಂದು ನೂರು ವರ್ಷಕ್ಕೂ ಹಳೆಯ ವಿದ್ಯೆ. ಬೆಲ್ಜಿಯಂನ ಗೆಂಟ್ ನಗರದ ಪೋಲೀಸರು 1899ರಲ್ಲೇ ನಾಯಿಗಳನ್ನು ಗಸ್ತಿಗೆ ತಂದರು. ಅಲ್ಲಿ ತರಬೇತಿಗೆ ಬಳಸುವ ತೋಳಿನ ಕವಚಕ್ಕೆ ಇಂದಿಗೂ ಸೆಣಬಿನ ಹೊದಿಕೆಯೇ ರೂಢಿಯಲ್ಲಿದೆ. ಅಂದರೆ ನಮ್ಮ ಗೋಣಿ ಬಟ್ಟೆಯೇ. ಹಲ್ಲು ಜಾರುವುದಿಲ್ಲ, ವಸಡಿಗೆ ಪೆಟ್ಟಾಗುವುದಿಲ್ಲ ಎಂಬುದು ಅದರ ಗುಣ. ತೋಳಿನ ಕವಚ, ಮೈಕವಚಗಳ ಕೆಲಸ ನುರಿತವರಿಗೆ ಸೇರಿದ್ದು, ತೋಟದಲ್ಲಿ ಮಾಡತಕ್ಕದ್ದಲ್ಲ. ಮನುಷ್ಯನ ತೋಳಿಗೂ ಕಚ್ಚುವ ಆಟಕ್ಕೂ ನಂಟು ಬೆಳೆಸಿದರೆ ಆಮೇಲೆ ಆ ನಂಟನ್ನು ಬಿಡಿಸುವುದು ಕಷ್ಟ. ರೈತರಿಗೆ ಸಾಕಾಗುವುದು ಕೈಯಲ್ಲಿ ಹಿಡಿಯುವ ಗೋಣಿ ಸುರುಳಿ ಮಾತ್ರ.

ಹಳೆಯ ಗೋಣಿಚೀಲವನ್ನು ಚೆನ್ನಾಗಿ ಒಗೆದು ಒಣಗಿಸಿ, ಸುಮಾರು ಎರಡು ಗೇಣು ಉದ್ದಕ್ಕೆ, ಮಣಿಕಟ್ಟಿನಷ್ಟು ದಪ್ಪಕ್ಕೆ ಬಿಗಿಯಾಗಿ ಸುತ್ತಿ ಹೊಲಿಯಬೇಕು. ಎರಡು ತುದಿಗೂ ಹಿಡಿಯಲು ಹಗ್ಗದ ಕುಣಿಕೆ ಇರಲಿ. ಗೊಬ್ಬರ ಅಥವಾ ಕ್ರಿಮಿನಾಶಕ ತುಂಬಿದ್ದ ಚೀಲ ಎಂದಿಗೂ ಬೇಡ. ನಾಯಿಗೆ ಎದೆಯ ಸುತ್ತ ಕೂರುವ ಅಗಲವಾದ ಪಟ್ಟಿ ಹಾಕಬೇಕು. ಕತ್ತು ಬಿಗಿಯುವ ಸರಪಳಿ ಹಾಕಿದರೆ ಎಳೆದಾಗಲೆಲ್ಲ ಉಸಿರು ಕಟ್ಟಿ ಹಿಡಿತ ತಾನಾಗಿ ಸಡಿಲವಾಗುತ್ತದೆ, ತುದಿಗೆ ಬರುತ್ತದೆ.

ಸುರುಳಿಯನ್ನು ನಾಯಿಯ ಮುಖಕ್ಕೆ ಒಡ್ಡಬಾರದು. ಮೊಲ ಓಡಿದಂತೆ ನೆಲದ ಮೇಲೆ, ನಾಯಿಯಿಂದ ದೂರಕ್ಕೆ ಎಳೆಯಬೇಕು. ನಾಯಿ ನುಗ್ಗಿ ಬಂದಾಗ ಅದರ ಬಾಯಿಯ ಮಟ್ಟಕ್ಕೆ, ಅಡ್ಡಲಾಗಿ, ನಡುಭಾಗ ಸಿಗುವಂತೆ ಹಿಡಿಯಬೇಕು. ಇಲ್ಲಿಂದ ಮುಂದೆ ಹಿಡಿತ ತಿದ್ದುವ ಕೆಲಸ ಆರಂಭವಾಗುತ್ತದೆ, ಮತ್ತು ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ನಾಯಿ ತುದಿಯಿಂದ ಹಿಡಿದಿದ್ದರೆ ಕಿತ್ತುಕೊಳ್ಳಲೂ ಬಾರದು, ಬಿಟ್ಟುಕೊಡಲೂ ಬಾರದು. ಹಗ್ಗ ಜೋತುಬೀಳದಷ್ಟು ಮೆಲುವಾದ ಎಳೆತವನ್ನು ಇಟ್ಟುಕೊಂಡು ಸುಮ್ಮನೆ ನಿಲ್ಲಬೇಕು. ಸುರುಳಿ ಜಾರುತ್ತಿದೆ ಎನ್ನಿಸಿದಾಗ ನಾಯಿ ಬಾಯಿ ಸಡಿಲಿಸಿ ಮುಂದಕ್ಕೆ ತಳ್ಳಿ ಇನ್ನೂ ಆಳವಾಗಿ ಹಿಡಿಯುತ್ತದೆ. ಆ ಕ್ಷಣವನ್ನೇ ಕಾಯುತ್ತಿರಬೇಕು. ಮುಂದಕ್ಕೆ ತಳ್ಳಿ ಹಿಡಿದೊಡನೆ ಸೋತವರಂತೆ ಕೈ ಸಡಿಲಿಸಿ ಸುರುಳಿಯನ್ನು ಅದಕ್ಕೇ ಬಿಟ್ಟುಬಿಡಬೇಕು. ಆಳವಾಗಿ ಹಿಡಿದರೆ ಗೆಲುವು, ಚಿವುಟಿದರೆ ಏನೂ ಇಲ್ಲ ಎಂಬ ಲೆಕ್ಕ ನಾಯಿಗೆ ಕೆಲವು ದಿನಗಳಲ್ಲಿ ತಿಳಿಯುತ್ತದೆ. ಗೆದ್ದ ಸುರುಳಿಯನ್ನು ಬಾಯಲ್ಲಿಟ್ಟುಕೊಂಡು ನಿಮ್ಮ ಪಕ್ಕದಲ್ಲಿ ಒಂದು ಸುತ್ತು ನಡೆಯಲಿ. ಎದೆಯ ಪಕ್ಕವನ್ನು ನಿಧಾನವಾಗಿ ಸವರಿ. ಸುರುಳಿಯನ್ನು ಅಗಿಯತೊಡಗಿದರೆ, ಒದರಾಡಿದರೆ ಅದರ ಮನಸ್ಸು ಇನ್ನೂ ಕಲಕಿದೆ ಎಂದು ತಿಳಿಯಬೇಕು. ನಡೆಸುತ್ತಲೇ ಇದ್ದರೆ ಹಿಡಿತ ನಿಲ್ಲುತ್ತದೆ.

ದಿನಕ್ಕೆ ಐದು ನಿಮಿಷ ಸಾಕು. ನಾಯಿಯ ಮೈ ಬೆವರುವುದಿಲ್ಲ. ಏದುಸಿರಿನಿಂದಲೇ ಕಾವು ಹೊರಹೋಗಬೇಕು. ಬಾಯಲ್ಲಿ ಸುರುಳಿ ಇದ್ದರೆ ಅದೂ ಸರಾಗವಾಗಿ ಆಗುವುದಿಲ್ಲ. ಆದುದರಿಂದ ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ಕೆಲಸವನ್ನು ಹೊತ್ತು ಏರುವ ಮೊದಲೇ ಮುಗಿಸಬೇಕು. ಇನ್ನೊಂದು ಎಚ್ಚರಿಕೆ: ಮರಿಗಳ ಹಾಲುಹಲ್ಲು ಸುಮಾರು ನಾಲ್ಕರಿಂದ ಏಳು ತಿಂಗಳೊಳಗೆ ಬಿದ್ದು ಹೊಸ ಹಲ್ಲು ಬರುತ್ತವೆ. ಆ ಅವಧಿಯಲ್ಲಿ ಎಳೆದಾಟ ಪೂರ್ತಿ ನಿಲ್ಲಿಸಬೇಕು. ನೋವಾದ ಮರಿ ತುದಿಯಿಂದ ಹಿಡಿಯುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಸುರುಳಿ ಕಚ್ಚಿದ ಮರಿಯನ್ನು ನೆಲ ಬಿಟ್ಟು ಎತ್ತಿ ತೂಗಾಡಿಸಿ ನೆರೆಹೊರೆಗೆ ತೋರಿಸುವ ಚಟವೂ ಬೇಡ.

“ಬಿಡು” ಎಂಬ ಮಾತು

ಹಿಡಿತ ಎಷ್ಟೇ ಚೆನ್ನಾಗಿದ್ದರೂ ಬಿಡುವುದನ್ನು ಕಲಿಯದ ನಾಯಿ ತೋಟಕ್ಕೆ ಬೇಡ. ಇದನ್ನು ಹಿಡಿತದ ಜೊತೆಯಲ್ಲೇ, ಮೊದಲ ವಾರದಿಂದಲೇ ಕಲಿಸಬೇಕು. ಕ್ರಮ ಸುಲಭ. ನಾಯಿ ಸುರುಳಿ ಹಿಡಿದಿರುವಾಗ ಎಳೆಯುವುದನ್ನು ನಿಲ್ಲಿಸಿ, ಸುರುಳಿಯನ್ನು ನಿಮ್ಮ ತೊಡೆಗೆ ಒತ್ತಿ ಹಿಡಿದು, ಕಲ್ಲಿನಂತೆ ನಿಲ್ಲಿ. ಆಟ ಸತ್ತುಹೋಯಿತು. ಒಂದು ಸಲ, ಸಾಧಾರಣ ದನಿಯಲ್ಲಿ, “ಬಿಡು” ಎನ್ನಿ. ನಾಯಿ ಬೇಸತ್ತು ಬಾಯಿ ತೆಗೆಯುತ್ತದೆ; ಮೊದಮೊದಲು ಎರಡು ಮೂರು ನಿಮಿಷವೇ ಹಿಡಿಯಬಹುದು. ಬಾಯಿ ತೆಗೆದೊಡನೆ “ಭೇಷ್” ಎಂದು ಸುರುಳಿಯನ್ನು ಮತ್ತೆ ಓಡಿಸಿ ಹಿಡಿಯಲು ಕೊಡಿ. ಬಿಟ್ಟರೆ ಕಳೆದುಕೊಳ್ಳುತ್ತೇನೆ ಎಂದುಕೊಂಡ ನಾಯಿ ಹಲ್ಲು ಬಿಗಿಯುತ್ತದೆ. ಬಿಟ್ಟರೆ ಮತ್ತೆ ಸಿಗುತ್ತದೆ ಎಂದು ಕಂಡುಕೊಂಡ ನಾಯಿಯೇ ಬೇಗ ಬಿಡುವುದು. ಬಾಯಿಗೆ ಕೈ ಹಾಕಿ ಬಿಡಿಸುವುದು, ಕಿವಿ ಹಿಂಡುವುದು, ಹೊಡೆಯುವುದು ಇವೆಲ್ಲ ಮಾಡಿದ ಕೆಲಸವನ್ನು ಕೆಡಿಸುತ್ತವೆ.

ನಮ್ಮ ಗಡಿ ತಾಲ್ಲೂಕಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಇಲ್ಲಿನ ಮನೆಗಳಲ್ಲಿ ಕನ್ನಡವೂ ತೆಲುಗೂ ಒಟ್ಟಿಗೇ ಓಡಾಡುತ್ತವೆ. ನಮಗೆ ಇದರಿಂದ ಏನೂ ತೊಡಕಿಲ್ಲ. ನಾಯಿಗೆ ಮಾತು ಎಂದರೆ ಒಂದು ಸದ್ದು ಮಾತ್ರ. ಅಪ್ಪ “ಬಿಡು” ಎಂದು, ಅಮ್ಮ “ವದಿಲೇಯ್” ಎಂದು, ಮಗ “ಲೀವ್” ಎಂದು ಹೇಳಿದರೆ ಅದಕ್ಕೆ ಮೂರೂ ಗದ್ದಲವೇ. ಯಾವ ಭಾಷೆಯದಾದರೂ ಸರಿ, ಮನೆಯವರೆಲ್ಲ ಕೂತು ಒಂದೇ ಮಾತನ್ನು ಗೊತ್ತುಮಾಡಿಕೊಳ್ಳಬೇಕು. ಅಡಿಗೆಮನೆಯಲ್ಲಿರುವವರೂ ಆ ಮಾತಿನಿಂದ ನಾಯಿಯ ಬಾಯಿ ತೆಗೆಸಲು ಶಕ್ತರಾಗಿರಬೇಕು, ಏಕೆಂದರೆ ಅವಘಡ ಯಜಮಾನ ಮನೆಯಲ್ಲಿದ್ದಾಗಲೇ ಆಗುತ್ತದೆಂದು ಯಾವ ಭರವಸೆಯೂ ಇಲ್ಲ.

ಬೊಗಳುವ ನಾಯಿಯೇ ಬೇಕು

ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ನಾವು ಹೀಯಾಳಿಸುತ್ತೇವೆ. ತೋಟದ ಮಟ್ಟಿಗೆ ಹೇಳುವುದಾದರೆ ಇದಕ್ಕಿಂತ ಒಳ್ಳೆಯ ಗುಣ ಇನ್ನೊಂದಿಲ್ಲ. ಜರ್ಮನಿಯ ಕಾವಲು ನಾಯಿ ಪರೀಕ್ಷೆಯಲ್ಲಿ ಸಹ ಒಂದು ಮುಖ್ಯ ಭಾಗವೆಂದರೆ, ಅಡಗಿ ನಿಂತ ಮನುಷ್ಯನನ್ನು ನಾಯಿ ಹುಡುಕಿ, ಅವನ ಎದುರಿಗೆ ನಿಂತು, ಮುಟ್ಟದೆ, ಯಜಮಾನ ಬರುವವರೆಗೂ ಬೊಗಳುತ್ತಿರುವುದು. ಅವನು ಅಲ್ಲಾಡದೆ ನಿಂತಿರುವಾಗ ಕಚ್ಚಿದರೆ ಅಂಕ ಕಳೆಯುತ್ತಾರೆ. ಹಣ್ಣು ಕದಿಯಲು ಬಂದವನಿಗೆ ಬೇಕಾಗಿರುವುದು ಕತ್ತಲೆ ಮತ್ತು ಸದ್ದಿಲ್ಲದಿರುವುದು. ಬೊಗಳುವ ನಾಯಿ ಅದನ್ನೇ ಕೆಡಿಸುತ್ತದೆ.

ಇದನ್ನು ಕಲಿಸುವುದು ಕಚ್ಚಿಸುವುದಕ್ಕಿಂತ ಸುಲಭ, ಅಪಾಯವೂ ಕಡಿಮೆ. ಸುರುಳಿಯನ್ನು ಎತ್ತರಕ್ಕೆ ಹಿಡಿದು ಸುಮ್ಮನಿರಿ. ನಾಯಿ ಹಾರಿದರೆ ಕೊಡಬೇಡಿ. ಸಿಗದಿದ್ದುದಕ್ಕೆ ಸಿಟ್ಟಾಗಿ ಒಂದು ಸಲ ಬೊಗಳಿದೊಡನೆ ಕೊಡಿ. ನಾಳೆ ಎರಡು ಸಲ ಬೊಗಳಿದ ಮೇಲೆ, ಮುಂದಿನ ವಾರ ಹತ್ತು ಸಲ ಬೊಗಳಿದ ಮೇಲೆ. ಬಳಿಕ ಬೇಲಿಯ ಹೊರಗೆ ನಿಮ್ಮ ಪರಿಚಯದವರು ಸುಮ್ಮನೆ ನಿಂತಿರಲಿ. ನಾಯಿ ಬೊಗಳಿದರೆ ಅವರು ಹಿಂದೆ ಸರಿಯಲಿ, ಸುರುಳಿ ನಿಮ್ಮ ಕೈಯಿಂದ ಸಿಗಲಿ. ಬೊಗಳಿದರೆ ಬಂದವರು ಹೋಗುತ್ತಾರೆ, ಬಹುಮಾನ ಯಜಮಾನನ ಹತ್ತಿರ ಇದೆ ಎಂದಾದ ಮೇಲೆ ನಾಯಿಗೆ ಕಚ್ಚುವ ಅಗತ್ಯವೇ ಬೀಳುವುದಿಲ್ಲ.

ತಳಿಯ ಮಾತನ್ನು ಇಲ್ಲಿಯೇ ಮುಗಿಸುವುದು ಒಳ್ಳೆಯದು. ಕ್ರಿ.ಶ. 949-50ರ ಆತಕೂರು ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ನಿಂತದ್ದು. ಅದು ಹಂದಿಯೊಡನೆ ಹೋರಾಡಿ ಸತ್ತಿತು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮುಧೋಳ ನಾಯಿಯೂ ಬೇಟೆಯ ತಳಿಯೇ: ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವುದು ಅದರ ಹುಟ್ಟುಗುಣ. 2016ರಲ್ಲಿ ಸೇನೆಯ ಮೀರತ್ ಕೇಂದ್ರ ಈ ತಳಿಯ ಮರಿಗಳನ್ನು ತರಬೇತಿಗೆ ಒಯ್ದಿತು. ಆದರೆ ಅಟ್ಟಿ ಹಿಡಿಯುವ ನಾಯಿ ಬೇರೆ, ಎದುರು ನಿಂತು ಕಾಯುವ ನಾಯಿ ಬೇರೆ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಕೇಂದ್ರ ಮೀಸಲು ಪೋಲೀಸ್ ಪಡೆಯ ನಾಯಿ ತರಬೇತಿ ಶಾಲೆ 2011ರಿಂದ ಇದೆ. ಅಲ್ಲಿ ಬೆಲ್ಜಿಯನ್ ಮ್ಯಾಲಿನಾಯ್ ತಳಿಗೆ ಪ್ರಾಧಾನ್ಯ. ಅಂಥ ನಾಯಿಗೆ ದಿನವಿಡೀ ಜೊತೆಗಿರುವ ಒಬ್ಬ ತರಬೇತುದಾರ ಬೇಕು. ಹಸು, ರೇಷ್ಮೆಹುಳು, ಟೊಮೇಟೊ ಮೂರನ್ನೂ ನೋಡಿಕೊಳ್ಳುವ ರೈತನಿಗೆ ಅದು ಆಗುವ ಮಾತಲ್ಲ. ಎಂಟು ವಾರ ತಾಯಿಯ ಜೊತೆ ಬೆಳೆದು, ಹೆದರಿಕೆಯಿಲ್ಲದೆ ಓಡಾಡುವ ಊರನಾಯಿಯ ಮರಿ ನಮ್ಮ ತೋಟಗಳಿಗೆ ಧಾರಾಳವಾಗಿ ಸಾಕು. ತಾಯಿಯೂ ಜೊತೆ ಮರಿಗಳೂ ಕಲಿಸುವ ಮೆಲುಬಾಯಿಯ ಪಾಠವನ್ನು ನಾವು ಯಾರೂ ಅಷ್ಟು ಚೆನ್ನಾಗಿ ಕಲಿಸಲಾರೆವು. ಆ ಮರಿಯನ್ನು ಮೂರು ತಿಂಗಳು ತುಂಬುವುದರೊಳಗೆ ಆಳುಕಾಳು, ಮಕ್ಕಳು, ಟ್ರಾಕ್ಟರು, ಹಾಲಿನ ಕ್ಯಾನು ಹೊತ್ತವರು ಎಲ್ಲರ ನಡುವೆ ಓಡಾಡಿಸಬೇಕು. ಹಗಲಿಡೀ ಕಟ್ಟಿ ಕೂಡಿದ ನಾಯಿ ಕಚ್ಚುವ ನಾಯಿಯಾಗುತ್ತದೆಯೇ ಹೊರತು ಕಾಯುವ ನಾಯಿಯಾಗುವುದಿಲ್ಲ.

ಕಚ್ಚಿದರೆ

ಮೂರು ತಿಂಗಳ ಮರಿಗೆ ಹುಚ್ಚುರೋಗದ ಲಸಿಕೆ, ಪಶುವೈದ್ಯರು ಹೇಳಿದಂತೆ ಇನ್ನೊಂದು ವರಸೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿರಬೇಕು. ಲಸಿಕೆಯ ಕಾರ್ಡನ್ನು ಪಹಣಿಯಷ್ಟೇ ಜೋಪಾನವಾಗಿಡಿ. ಆದರೂ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಪಂಪ್‌ಸೆಟ್ಟಿನ ನೀರು ಅಲ್ಲೇ ಇರುತ್ತದೆ. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಕೂಡದು. ಹೊಲಿಗೆ ಹಾಕಿರೆಂದು ವೈದ್ಯರನ್ನು ಒತ್ತಾಯಿಸಕೂಡದು. ನಾಯಿಗೆ ಲಸಿಕೆ ಆಗಿದೆ ಎಂದು ಸುಮ್ಮನೆ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಕ್ಕೆ ಕೊಡುವ ಚುಚ್ಚುಮದ್ದು ಮೊದಲ ದಿನ, ಅನಂತರ 3, 7 ಮತ್ತು 28ನೇ ದಿನ ಇರುತ್ತದೆ, ನಡುವೆ ನಿಲ್ಲಿಸಬಾರದು. ರಕ್ತ ಬಂದ ಗಾಯಕ್ಕೆ ಇದರ ಜೊತೆ ಗಾಯದೊಳಕ್ಕೇ ಕೊಡುವ ಇನ್ನೊಂದು ಔಷಧಿಯೂ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಕಟ್ಟಿ ಗಮನಿಸಬೇಕು.

ಕಾನೂನಿನ ಮಾತೂ ಇದೆ. ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೇಲಿಯ ಮೇಲೆ ಹಲಗೆ ನೇತುಹಾಕಿದರೆ ಹೊಣೆ ಕಳೆಯಿತು ಎಂದುಕೊಳ್ಳುವವರಿದ್ದಾರೆ. ಬೆಳಗಿನ ಜಾವ ಬರುವ ಕೂಲಿಯವರಿಗೆ ಆ ಹಲಗೆ ಕಾಣುವುದೂ ಇಲ್ಲ, ಕೆಲವರಿಗೆ ಓದಲು ಬರುವುದೂ ಇಲ್ಲ.

ರಾಜನನ್ನು ಏನು ಮಾಡುವುದೆಂದು ಆ ತೋಟದವರು ಕೇಳಿದಾಗ ನಮಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಒಬ್ಬರು ಕೊಂದುಬಿಡಿ ಎಂದರು, ಇನ್ನೊಬ್ಬರು ದೂರ ಬಿಟ್ಟುಬನ್ನಿ ಎಂದರು. ದೂರ ಬಿಡುವುದೆಂದರೆ ಇನ್ನೊಂದು ಊರಿನವರ ಕೈ ಕಚ್ಚಿಸುವುದು. ಮೊದಲು ಹೊಂಗೆಮರದ ಸರಪಳಿ ತೆಗೆಸಿ, ಸುತ್ತ ತಂತಿಬಲೆ ಹಾಕಿದ ಒಂದು ದೊಡ್ಡ ಗೂಡು ಕಟ್ಟಿಸಿದೆವು. ತೋಳಿನ ಗೋಣಿಯನ್ನು ಹುಡುಗನ ಕೈಯಿಂದಲೇ ಸುಡಿಸಿದ್ದಾಯಿತು. ಅದೇ ಹುಡುಗ ನಾಲ್ಕು ತಿಂಗಳು ದಿನವೂ ಐದು ನಿಮಿಷ ಸುರುಳಿಯ ಪಾಠ ಮಾಡಿದ. ಈಗ ರಾಜನ ಹಿಡಿತ ದವಡೆಯವರೆಗೆ ತುಂಬಿ ನಿಲ್ಲುತ್ತದೆ. “ಬಿಡು” ಎಂದರೆ ಹತ್ತರಲ್ಲಿ ಎಂಟು ಸಲ ಬಿಡುತ್ತದೆ. ಆ ಉಳಿದ ಎರಡು ಸಲಕ್ಕಾಗಿಯೇ ಹಣ್ಣು ಬಿಡಿಸುವ ದಿನ ಅದು ಗೂಡಿನೊಳಗೆ ಇರತಕ್ಕದ್ದೆಂದು ಗೊತ್ತುಮಾಡಿದ್ದೇವೆ. ರಾತ್ರಿ ತೋಟದೊಳಗೆ ಬಿಡುತ್ತಾರೆ; ಬೇಲಿಯುದ್ದಕ್ಕೂ ಬೊಗಳಿಕೊಂಡು ಸುತ್ತುತ್ತದೆ.

ಗಾಯಗೊಂಡಾಕೆ ಚುಚ್ಚುಮದ್ದನ್ನು ಪೂರ್ತಿ ಹಾಕಿಸಿಕೊಂಡು, ಮುಂದಿನ ಬೆಳೆಯ ಹೊತ್ತಿಗೆ ಮತ್ತೆ ಕೆಲಸಕ್ಕೆ ಬಂದರು. ಈಗಲೂ ಬದುವಿನ ಮೇಲೆ ನಿಂತು “ನಾಯಿ ಎಲ್ಲಿ ಕಟ್ಟಿದ್ದೀರಣ್ಣಾ?” ಎಂದು ಕೇಳಿ, ಗೂಡಿನ ಚಿಲಕವನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಸಾಲಿನೊಳಗೆ ಕಾಲಿಡುವುದು.